ಯಾವ ಗಾಳಿಗೆ

ಈ ಬಂದರು ಒಳ್ಳೆಯದೇ ಎಂದು ಕೇಳಿದರೆ
ವಾಲ್ಬೊರಿ ತಲೆ ಎತ್ತುವುದಿಲ್ಲ.
ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಮೇಣದ ದಾರ ಸುತ್ತುತ್ತ
ಯಾವ ಗಾಳಿಗೆ? ಅನ್ನುತ್ತಾಳೆ.

ವೆನೆರ್ನ್ ಸರೋವರದ ಪಡುವಣ ದಡ.
ಉಪ್ಪಿಲ್ಲ, ಉಬ್ಬರವಿಲ್ಲ,
ಬಾಗಿ ಬೊಗಸೆಯಲ್ಲಿ ಮೊಗೆದು ಕುಡಿಯಬಹುದು.
ಆದರೆ ಆಚೆ ದಡ ಕಾಣುವುದಿಲ್ಲ.
ಸಿಹಿನೀರಿನ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೊಂದು,
ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ
ದೋಣಿ ಇಳಿಯುತ್ತಲೇ ಇರುತ್ತದೆ.

ಅವಳ ಬಳಿ ನೀಲಿ ರಟ್ಟಿನ ಪುಸ್ತಕ.
ಕುರಿಕೊಲ್ಲಿ: ನೈಋತ್ಯಕ್ಕೆ ಬೆಚ್ಚಗೆ. ಈಶಾನ್ಯ ಬಂತೋ, ಓಡು.
ಹಿಟ್ಟಿನ ಮಡಕೆ: ಬಾಯಿ ಕಿರಿದು, ಒಳಗೆ ಒಂಬತ್ತು ಅಡಿ,
ತಳದ ಕೆಸರು ಲಂಗರನ್ನು ಪ್ರೀತಿಸುತ್ತದೆ,
ಬೆಳಗ್ಗೆ ಬಿಡಿಸಲು ಇಬ್ಬರು ಬೇಕು.
ಪಾದ್ರಿಯ ತೋಳು: ಎಲ್ಲ ಗಾಳಿಗೂ ಒಳ್ಳೆಯದು ಎಂದು ಪಾದ್ರಿ ಹೇಳಿದ.
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ,
ಪಾದ್ರಿಗೆ ದೋಣಿ ಇರಲಿಲ್ಲ.

ಜುಲೈಯಲ್ಲಿ ಇಪ್ಪತ್ಮೂರು ಕಟ್ಟೆಗಳೂ ಭರ್ತಿ.
ಹಾಯಿ ಇಳಿಸಿ ಹಾಯಾಗಿ ಕೂತವರು,
ಹುರಿದ ಮೀನು, ಒದ್ದೆ ನಾಯಿ, ಡೀಸೆಲ್ಲು,
ಅಲ್ಯುಮಿನಿಯಂ ಕಂಬಗಳಿಗೆ ಹಗ್ಗ ಬಡಿಯುವ ಟಿಣ್ ಟಿಣ್.
ಗಾಳಿ ಬಂದಾಗ ತೂರಿಕೊಳ್ಳಲು ಇಲ್ಲಿ ಯಾರ ಬಳಿಯೂ ಕಾಳಿಲ್ಲ.
ಗಾಳಿ ಬಂದಾಗ ಕಟ್ಟಿಕೋ, ಅಷ್ಟೇ.
ಬಂದರು ಎಂದರೆ ಬಂದರು.
ಹೋದರು ಎಂಬ ಹೆಸರಿನ ಊರು
ಯಾವ ನಕ್ಷೆಯಲ್ಲೂ ಇಲ್ಲ.

ಆಗಸ್ಟ್ ಕೊನೆಗೆ ಅಸ್ಸಾರ್ ಒಬ್ಬನೇ ಬಂದ.
ಎಪ್ಪತ್ತೆಂಟು ವರ್ಷ, ಇಪ್ಪತ್ನಾಲ್ಕು ಅಡಿಯ ಮರದ ದೋಣಿ,
ಹೆಸರು 'ಆದರೂ'.
ಕಟ್ಟೆ ಖಾಲಿಯಿದ್ದರೂ ಒಳಗೆ ಬರಲೊಲ್ಲ.
ಹೊರಗಿನ ಬಂಡೆಯಲ್ಲಿ ಯಾರೋ ಹೊಡೆದ ಕಬ್ಬಿಣದ ಬಳೆ,
ತುಕ್ಕು ಗ್ರಾನೈಟಿನ ಮೇಲೆ ಒಂದು ಮೊಳ ಇಳಿದಿದೆ,
ಅದಕ್ಕೆ ಮೂತಿ ಕಟ್ಟಿ, ಹಿಂದೆ ಲಂಗರು ಬಿಟ್ಟ.
ಒಳ್ಳೆಯದೇ? ಅಂದ.
ಮಧ್ಯರಾತ್ರಿಯವರೆಗೆ, ಅಂದಳು.
ಅವನು ಆಲೂಗಡ್ಡೆ ಬೇಯಲಿಟ್ಟ.

ಅವಳನ್ನು ಎಬ್ಬಿಸಿದ್ದು ಸದ್ದಲ್ಲ,
ಟಿಣ್ ಟಿಣ್ ನಿಂತದ್ದು.
ಒಂದು ಉಸಿರಿನಷ್ಟು ಹೊತ್ತು.
ಆಮೇಲೆ ಬೇರೆಯೇ ಶ್ರುತಿಯಲ್ಲಿ ಶುರುವಾಯಿತು.
ಈಶಾನ್ಯ.
ಎಲ್ಲೋ ಯಾರೋ ದೇವರ ಮೂಲೆ ಅನ್ನುವ ದಿಕ್ಕು,
ಇಲ್ಲಿ ದೋಣಿಗಳನ್ನು ಕಲ್ಲಿಗೆ ಬಡಿಯುವ ದಿಕ್ಕು.

ರಾತ್ರಿಯಂಗಿಯ ಕೆಳಗೆ ರಬ್ಬರ್ ಬೂಟು, ಕೈಯಲ್ಲಿ ಟಾರ್ಚು.
ಹಗ್ಗ ಬಿಗಿದು ತಂತಿಯಾಗಿತ್ತು, ಗಂಟು ಕಲ್ಲಾಗಿತ್ತು.
ಕುಯ್ಯಿ! ಅಂದ.
ಹಾಳಾಗುತ್ತದೆ, ಅಂದಳು.
ಹಾಳಾಗಲಿ.
ಆ ತುದಿಗೆ ಸಂಜೆಯಷ್ಟೇ ದಾರ ಸುತ್ತಿಕೊಟ್ಟವಳು ಅವಳೇ.

ಕುಯ್ದಳು. ಮೂತಿಗೆ ಅಂಗೈ ಕೊಟ್ಟು ನೂಕಿದಳು,
ಎಮ್ಮೆಯನ್ನು ಬಾಗಿಲಿನಿಂದಾಚೆ ದಬ್ಬುವ ಹಾಗೆ.
ಎಲ್ಲಿಗೆ?
ಪಾದ್ರಿಯ ತೋಳಿಗೆ!
ಎಲ್ಲ ಗಾಳಿಗೂ ಒಳ್ಳೆಯದಂತೆ ಎಂದು ಕೂಗಿ
ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

ಬಂಡೆಯ ಮೇಲೆ ನಿಂತೇ ಇದ್ದಳು.
ಕಂಬದ ತುದಿಯ ದೀಪ ಆಕಾಶದಲ್ಲಿ ಗೀಚುತ್ತ ಹೋಯಿತು,
ಎಡಕ್ಕೆ, ಬಲಕ್ಕೆ, ಎಷ್ಟೋ ಹೊತ್ತು ಇಲ್ಲ, ಮತ್ತೆ ಎಡಕ್ಕೆ.
ಪೈನ್ ಮರಗಳ ಹಿಂದೆ ಸೇರಿ
ಗೀಚುವುದನ್ನು ಬಿಟ್ಟು
ಚುಕ್ಕಿಯಾಯಿತು.
ಆಗ ಕಾಲು ತಣ್ಣಗಾಗಿರುವುದು ಗೊತ್ತಾಯಿತು.

ನಾಲ್ಕು ದಿನದ ಮೇಲೆ ಅಂಚೆಯಲ್ಲಿ ಲಕೋಟೆ.
ಬಾಡಿಗೆಯ ಚೀಟಿ ಭರ್ತಿ ಮಾಡಿದ್ದ.
ದೋಣಿ: ಆದರೂ. ಎಷ್ಟು ರಾತ್ರಿ: ಅರ್ಧ.
ಜೊತೆಗೆ ಲೆಕ್ಕಕ್ಕೆ ಸರಿಯಾಗಿ ಅರ್ಧ ದುಡ್ಡು.
ಹಗ್ಗದ ಮಾತೇ ಇಲ್ಲ.

ಜಿಪುಣ, ಅಂದಳು.
ನೀಲಿ ಪುಸ್ತಕ ತೆಗೆದಳು.
ಪಾದ್ರಿಯ ತೋಳು ಇರುವ ಪುಟದಲ್ಲಿ
ಪೆನ್ಸಿಲ್ಲಿನ ಸಾಲನ್ನು ಅಳಿಸಲಿಲ್ಲ.
ಅದರ ಕೆಳಗೆ, ಈ ಸಲ ಶಾಯಿಯಲ್ಲಿ, ಬರೆದಳು:
ಈಶಾನ್ಯಕ್ಕೆ, ಅರ್ಧ ರಾತ್ರಿ, ನೋಡಿದ್ದೇನೆ.